ಹೊಳೆಯನ್ನು ಬೈಯುತ್ತಿದ್ದ ಆಯಿ

ಶ್ರಾವಣದ ಎರಡನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಸ್ಥಳ: ಶಹಾಪುರದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಯಾದಗಿರಿಯಿಂದ ಬಂದಿದ್ದ ನನ್ನ ತಂಗಿ, ಅವಳ ಇಬ್ಬರು ಮೊಮ್ಮಕ್ಕಳು. ಗೈರುಹಾಜರಾದವಳು ಒಬ್ಬಳೇ. ಸಭೆ ಕೂಡಿದ್ದು ಅವಳ ವಿಷಯಕ್ಕೇ!

ನಾನು ಶಾಲೆಯಲ್ಲಿ ಗಂಟೆ ಹೊಡೆಸಿ ಹೊಡೆಸಿ ಮುದುಕಿಯಾದವಳು. ಐದಕ್ಕೆ ಏಳುತ್ತೇನೆ, ಐದೂವರೆಗೆ ಸ್ನಾನ, ಆರಕ್ಕೆ ಪೂಜೆ. ನಿಮಿಷ ತಪ್ಪಿದರೆ ಆ ದಿನವೆಲ್ಲ ಮೈಗೆ ಆಗಿಬರುವುದಿಲ್ಲ. ಇಂಥ ನನ್ನನ್ನು ಒಂದು ಮಳೆಗಾಲವಿಡೀ ಸಾಕಿದ ಹೆಂಗಸು ದಿನಾ ಬೆಳಿಗ್ಗೆ ಕೃಷ್ಣಾ ಹೊಳೆಯ ಜೊತೆ ಜಗಳವಾಡುತ್ತಿದ್ದಳು ಎಂದರೆ ನಂಬುತ್ತೀರಾ? ಸುಳ್ಳು ಜಗಳವಲ್ಲ, ಸೊಂಟದ ಮೇಲೆ ಕೈ ಇಟ್ಟುಕೊಂಡು ಮಾಡುವ ಜಗಳ! "ಏನವ್ವಾ, ರಾತ್ರಿ ಯಾರ ಹೊಲ ತಿಂದು ಬಂದಿ? ಬಾಯಿ ನೋಡು, ಇನ್ನಾ ಮಣ್ಣು ಮೆತ್ತೇತಿ!"

ಈ ಕಥೆ ಹೇಳಿ ನಾನು ಎಷ್ಟೋ ಜನರನ್ನು ನಗಿಸಿದ್ದೇನೆ. ಶಾಲೆಯಲ್ಲಿ, ಮದುವೆಮನೆಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೂಡ. ಆದರೆ ಪ್ರತಿ ಸಲವೂ ಒಂದು ಭಾಗ ಬಿಟ್ಟು ಹೇಳಿದ್ದೇನೆ. ಅದು ತಂಗಿಗೂ ಗೊತ್ತಿರಲಿಲ್ಲ. ಹೇಳಲು ನಾಚಿಕೆ.

ನಿಜಾಮರ ರಾಜ್ಯ ಇನ್ನೂ ದೇಶಕ್ಕೆ ಸೇರಿರದ ವರ್ಷ ಅದು. ಯಾದಗಿರಿಯ ನಮ್ಮ ಓಣಿಯಲ್ಲಿ ಒಂದು ಹಗಲು ಗದ್ದಲವೆದ್ದು ಎರಡು ಮನೆ ಸುಟ್ಟವು. ನಾನು ಅದನ್ನು ಕಿಟಕಿಯಿಂದ ನೋಡಿದೆ. ನನಗೆ ಒಂಬತ್ತು, ತಂಗಿಗೆ ಐದು. ಮರುವಾರವೇ ಅಪ್ಪ ನಮ್ಮಿಬ್ಬರನ್ನು ಬಂಡಿಯಲ್ಲಿ ಕೂರಿಸಿ, ಸುರಪುರ ದಾಟಿಸಿ, ಹೊಳೆಯ ನಡುವಿನ ಒಂದು ಗಡ್ಡಿಗೆ ಕರೆದೊಯ್ದರು. ಗಡ್ಡಿ ಎಂದರೆ ನಡುಗಡ್ಡೆ, ಹತ್ತಿಪ್ಪತ್ತು ಮನೆಗಳ ಊರು. ಆಷಾಢದಲ್ಲಿ ಹೊಳೆ ಏರಿದರೆ ಅಂಬಿಗರ ಹೊರತು ಅಲ್ಲಿಗೆ ನರಪಿಳ್ಳೆ ಬರುವಂತಿಲ್ಲ. ಮಕ್ಕಳನ್ನು ಬಚ್ಚಿಡಲು ಅಪ್ಪನಿಗೆ ಹೊಳೆಗಿಂತ ಒಳ್ಳೆಯ ಕಾವಲು ಸಿಗಲಿಲ್ಲ. ಅಪ್ಪನ ಹತ್ತಿಯ ಅಂಡಿಗೆಗಳನ್ನು ವರ್ಷಗಟ್ಟಲೆ ಹರಿಗೋಲಿನಲ್ಲಿ ದಾಟಿಸಿದ ಅಂಬಿಗನ ಮನೆ ಅದು. ಅವನನ್ನು ನಾವು ಮುತ್ಯಾ ಎಂದೆವು, ಅಂದರೆ ಅಜ್ಜ; ಅವನ ಹೆಂಡತಿಯೇ ನಮ್ಮ ಆಯಿ.

ಅಪ್ಪ ಹೊರಡುವಾಗ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಏಳುವುದು ಇಷ್ಟಕ್ಕೆ, ಸ್ನಾನ ಇಷ್ಟಕ್ಕೆ, ಲಿಂಗಪೂಜೆ, ಮಗ್ಗಿ, ಊಟ, ಎಲ್ಲಕ್ಕೂ ವೇಳೆ. ನಾನು ಅದನ್ನು ಆಯಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಬಹಳ ಗಂಭೀರವಾಗಿ ಕೇಳಿದಳು.

"ಹೊಳಿ ಯಾವಾಗ ಏರತೈತಿ ಅಂತ ಬರದಾರೇನವ್ವ?"

"ಇಲ್ಲ."

"ಹಂಗಾರ ನಿಮ್ಮಪ್ಪ ಅರ್ಧಾನ ಬರದಾನ!"

ಹಾಗೆಂದು ಚೀಟಿಯನ್ನು ಎಸೆಯಲಿಲ್ಲ. ದೇವರ ಜಗುಲಿಯ ಮೇಲೆ ಇಟ್ಟು ಕುಂಕುಮ ಹಚ್ಚಿದಳು. ದಿನಾ ಎರಡು ಹೂವು ಬೇರೆ! ಚೀಟಿಗೆ ಪೂಜೆ ತಪ್ಪಲಿಲ್ಲ. ಪಾಲನೆ ಮಾತ್ರ ಒಂದು ದಿನವೂ ಆಗಲಿಲ್ಲ.

ಎರಡನೆಯ ದಿನ ನಮ್ಮಿಬ್ಬರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿದಳು. ಗಡ್ಡಿಯ ಮಂದಿ ಹೊಳೆಗಿಳಿದರೆ ಹಾಗೆ ಕಟ್ಟಿಕೊಳ್ಳುತ್ತಾರೆ, ತೇಲುತ್ತದೆ. ನಮಗೋ ಉಣ್ಣುವಾಗ ಬುರುಡೆ, ಆಡುವಾಗ ಬುರುಡೆ, ಮಲಗುವಾಗಲೂ ಬುರುಡೆ! ಅಂಗಾತ ಮಲಗುವುದು ಹೇಗೆ ಸ್ವಾಮಿ? ತಂಗಿ ಅಂತೂ ಆಮೆಯ ಹಾಗೆ ಬೋರಲು ಮಲಗಲು ಕಲಿತಳು. ನಾನು ವಾದ ಹೂಡಿದೆ.

"ಆಯಿ, ಮನಿ ಒಳಗ ಯಾಕ ಬೇಕು ಇದು?"

"ಹೊಳಿಗೇನು ಬಾಗಲಾ ಬಡದು ಒಳಗ ಬರೋ ರೂಢಿ ಐತೇನು?"

ಆ ರಾತ್ರಿ ನಾನೂ ಬೋರಲು ಮಲಗಿದೆ.

ಇನ್ನು ಊಟ. ನಮ್ಮದು ಲಿಂಗ ಕಟ್ಟಿದ ಮನೆ, ಅವರದು ಮೀನಿನ ಮನೆ. ಮೊದಲ ದಿನ ನಾನು ತಟ್ಟೆ ದೂರ ತಳ್ಳಿದೆ. ಮರುದಿನ ಹೊಸ ಗಡಿಗೆ ಬಂದವು, ಅಂಗಳದಲ್ಲಿ ಬೇರೆ ಒಲೆ ಎದ್ದಿತು. ಮಿಂದು ಒದ್ದೆ ಸೀರೆಯಲ್ಲೇ ರೊಟ್ಟಿ ಬಡಿದಳು. ಮೀನಿಗೆ ಮನೆಯೊಳಗೆ ಬಂದ್ ಎಂದು ಸಾರಿಬಿಟ್ಟಳು! ಅಂಬಿಗ ಮುತ್ಯಾ ಬುಟ್ಟಿ ಹಿಡಿದು ಹೊಸ್ತಿಲ ಹೊರಗೆ ನಿಂತು ಕೇಳಿದ:

"ಅಲ್ಲಲೇ, ನಾ ಅಂಬಿಗನೋ, ಮಠದ ಅಯ್ಯನೋ?"

"ಹುಡುಗ್ರು ಹೋಗೂತನಾ ಅಯ್ಯ. ಆಮ್ಯಾಲ ಅಂಬಿಗ ಆಗೀಯಂತ, ಅವಸರೇನೈತಿ?"

ಅವನು ತಮ್ಮನ ಮನೆಗೆ ಹೋಗಿ ಮೀನು ತಿಂದು, ಬಾಯಿ ಮುಕ್ಕಳಿಸಿ ಬರುತ್ತಿದ್ದ. ಆಯಿ ಅಲ್ಲಿಗೂ ಹೋಗಲಿಲ್ಲ, ಮೂರು ತಿಂಗಳು ನಮ್ಮ ಜೊತೆ ರೊಟ್ಟಿ ಪುಂಡಿಪಲ್ಯವನ್ನೇ ಉಂಡಳು. ಮನೆಯ ಬೆಕ್ಕು ಮೂರು ದಿನ ಕಾದು ನೋಡಿ, ನಾಲ್ಕನೆಯ ದಿನ ಪಕ್ಕದ ಮನೆಗೆ ವರ್ಗ ಮಾಡಿಸಿಕೊಂಡು ಹೋಯಿತು!

ಓಣಿಯ ಗದ್ದಲದ ದಿನದಿಂದ ನನಗೊಂದು ರೋಗ ಅಂಟಿತ್ತು. ಯಾರಾದರೂ ಕೂಗಿದರೆ ಸಾಕು, ದಂಡೆಯಲ್ಲಿ ಬೋರಲು ಹಾಕಿದ್ದ ಹರಿಗೋಲಿನ ಕೆಳಗೆ ನುಸುಳಿ ಕೂರುತ್ತಿದ್ದೆ. ಕರೆದರೆ ಬರುತ್ತಿರಲಿಲ್ಲ. ಆಯಿ ಕರೆಯಲೇ ಇಲ್ಲ. ತಾನೇ ರೊಟ್ಟಿ ಹಿಡಿದು, ತಂಗಿಯನ್ನು ಎಳೆದುಕೊಂಡು ಒಳಗೆ ನುಸುಳಿದಳು. ಆ ದೊಡ್ಡ ದೇಹ ಒಳಗೆ ಬಂದ ಮೇಲೆ ನಮಗೆ ಉಸಿರಾಡಲು ಜಾಗವೆಲ್ಲಿ? ಹೊರಗೆ ಮುತ್ಯಾ ಹರಿಗೋಲು ತಟ್ಟಿದ.

"ಒಳಗ ಯಾರದೀರಿ? ನಾ ಆಚಿ ದಂಡಿಗೆ ಹೋಗಬೇಕು!"

"ಮನಿ ಮಂದೆಲ್ಲಾ ಇಲ್ಲೇ ಅದೀವಿ. ನೀನೂ ಬಾ, ಉಳ್ಳಾಗಡ್ಡಿ ತಗೊಂಡು ಬಾ!"

ಅವನೂ ಬಂದ! ಉಳ್ಳಾಗಡ್ಡಿ ಸಮೇತ! ಕತ್ತಲಲ್ಲಿ ನಾಲ್ವರೂ ರೊಟ್ಟಿ ಮುರಿದೆವು. ನಾನು ಮೊದಲ ಸಲ ನಕ್ಕದ್ದು ಅಲ್ಲಿ.

ಹೊಳೆ ಇಳಿಯುವ ಹೊತ್ತಿಗೆ ಹೈದರಾಬಾದು ದೇಶಕ್ಕೆ ಸೇರಿತೆಂಬ ಸುದ್ದಿ ಬಂತು. ಅಪ್ಪ ಬಂದು ಕರೆದೊಯ್ದರು.

ಇಲ್ಲಿಗೆ ಕಥೆ ನಿಲ್ಲಿಸುವುದು ನನ್ನ ರೂಢಿ. ಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದರು. ಆದರೆ ಕಿರಿಯಳು ಕೇಳಿಬಿಟ್ಟಳು: "ಆಮ್ಯಾಲ ಅಕಿ ನಿಮ್ಮನ್ನ ನೋಡಾಕ ಬರಲೇ ಇಲ್ಲೇನಜ್ಜಿ?"

ಬಂದಿದ್ದಳು.

ಮುಂದಿನ ಬೇಸಿಗೆ. ನಾನು ಕಟ್ಟೆಯ ಮೇಲೆ ಹೊಸ ಶಾಲೆಯ ಗೆಳತಿಯರಿಬ್ಬರ ಜೊತೆ ಗಜ್ಜುಗ ಆಡುತ್ತಿದ್ದೆ. ಗಡ್ಡಿಯ ಕಥೆ ಹೇಳಿ ಅವರನ್ನು ಆಗಲೇ ನಗಿಸಿಯಾಗಿತ್ತು. ಓಣಿಯ ತುದಿಯಲ್ಲಿ ಆಯಿ ಕಂಡಳು. ಬರಿಗಾಲು, ತಲೆಯ ಮೇಲೆ ಗಂಟು. ನೇರ ನನ್ನ ಮುಂದೆ ಬಂದು ನಿಂತಳು. "ಯವ್ವಾ, ಗುರ್ತ ಸಿಕ್ಕಿತೇನು?"

ಗೆಳತಿ ಮೂಗು ಮುಚ್ಚಿಕೊಂಡು, "ಯಾರೇ ಇಕಿ?" ಎಂದಳು.

"ಯಾರೋ. ನನಗ ಗೊತ್ತಿಲ್ಲ," ಎಂದೆ.

ಆಟ ಮುಂದುವರಿಸಿದೆ. ಗೆದ್ದೆ ಕೂಡ!

ಅವ್ವ ಅವಳನ್ನು ಹಿತ್ತಲಿಗೆ ಕರೆದು ದನದ ಕೊಟ್ಟಿಗೆಯ ಪಕ್ಕ ಎಲೆ ಹಾಕಿ ಬಡಿಸಿದಳು. ಪ್ರೀತಿಯಿಂದಲೇ ಬಡಿಸಿದಳು, ಹೊಸ ಸೀರೆಯನ್ನೂ ಕೊಟ್ಟಳು. ಒಳಗೆ ಮಾತ್ರ ಕರೆಯಲಿಲ್ಲ; ಆಗಿನ ಪದ್ಧತಿ ಅದು. ಉಂಡ ಜಾಗವನ್ನು ಆಯಿ ತಾನೇ ಸಗಣಿ ಹಾಕಿ ಸಾರಿಸಿದಳು. ನಮಗಾಗಿ ತನ್ನ ಮನೆಯ ಒಲೆಯನ್ನೇ ಬದಲಿಸಿದವಳು! ನಾನು ಕಿಟಕಿಯ ಹಿಂದೆ ನಿಂತು ನೋಡಿದೆ. 'ಆಯಿ, ಒಳಗ ಬಾ' ಎನ್ನಲು ಎಷ್ಟು ಹೊತ್ತು ಬೇಕು?

ಮೊಮ್ಮಗಳ ಪ್ರಶ್ನೆಗೆ ನಾನು "ಚಹಾ ಆರಿತು, ಕುಡೀರಿ" ಎನ್ನುವವಳಿದ್ದೆ. ತಂಗಿ ಬಾಯಿ ಹಾಕಿದಳು.

"ಬಂದಿದ್ಳವ್ವ, ಒಮ್ಮಿ. ಅಕ್ಕಗ ಅಕಿ ಗುರ್ತ ಸಿಕ್ಕಿರಲಿಲ್ಲ. ಅಕಿ ಹೋಗೋವಾಗ ನಾ ಬಂಡಿತನಕ ಓಡಿ ಹೋಗಿದ್ದೆ. 'ನಿಮ್ಮಕ್ಕ ಈಗೂ ಅಡಗಿ ಕೂಡತಾಳೇನು?' ಅಂತ ಕೇಳಿದ್ಳು. ಇಲ್ಲ ಅಂದೆ."

ನನಗೆ ಇದು ಹೊಸದು. "ಏನಂದ್ಳು?" ಎಂದೆ.

"'ನನ್ನ ಗುರ್ತ ಸಿಗಲಿಲ್ಲ ಅಂದ್ರ ಅಂಜಿಕಿನೂ ಮರತಾಳ ಅಂದಂಗಾತು. ಅದನ್ನ ನೋಡಿ ಹೋಗಾಕಂತ ಬಂದಿದ್ದೆ, ಛಲೋ ಆತು' ಅಂದ್ಳು. ನಕ್ಕೋತ ಬಂಡಿ ಹತ್ತಿದ್ಳು." ತಂಗಿ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. "ನೀ ಮರತದ್ದಕ್ಕ ಅಕಿಗೆ ಎಷ್ಟು ಸಂತೋಷ ಆಗಿತ್ತು ಗೊತ್ತೇನಕ್ಕ!"

ಮಕ್ಕಳಿಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಗುರ್ತ ಸಿಕ್ಕಿತ್ತು," ಎಂದೆ.

"ಏನಂದಿ?"

"ಓಣಿ ತುದಿಗಿದ್ದಾಗನ ಗುರ್ತ ಸಿಕ್ಕಿತ್ತು, ತಂಗಿ. ಗೊತ್ತಿಲ್ಲ ಅಂತ ಸುಳ್ಳು ಹೇಳಿದೆ."

ತಂಗಿ ನನ್ನ ಮೊಣಕಾಲ ಮೇಲಿನ ಕೈಯನ್ನು ತೆಗೆಯಲಿಲ್ಲ. ನಗುವುದೋ ಬೇಡವೋ ತಿಳಿಯದೆ ಮಕ್ಕಳು ಲೋಟ ಎತ್ತಿಕೊಂಡು ಒಳಗೆ ಹೋದರು.

ಆಗ ಸಂಜೆ ಐದು ಗಂಟೆ. ಆ ದಿನ ಅದಾದ ಮೇಲೆ ಗಂಟೆ ನೋಡಿ ಮಾಡುವ ಯಾವ ಕೆಲಸವನ್ನೂ ನಾನು ಮಾಡಲಿಲ್ಲ.