ಮಾವನ ಕುಣಿತಕ್ಕೆ ದಾವೀದನ ಸಾಕ್ಷಿ

ನನ್ನ ಸೋದರಮಾವ ದೇವರನ್ನು ಕಾಲಿನಿಂದ ನಂಬಿದವನು! ಕೆಲವರು ಮನಸ್ಸಿನಿಂದ ನಂಬುತ್ತಾರೆ, ಬಹಳ ಜನ ಬಾಯಿಂದ ನಂಬುತ್ತಾರೆ. ಇವನ ಭಕ್ತಿಯೆಲ್ಲ ಮೊಣಕಾಲಿನ ಕೆಳಗಿತ್ತು. ಕ್ರೈಸ್ತನಾಗುವ ಮೊದಲು ಊರಿನ ಹೆಜ್ಜೆಮೇಳದಲ್ಲಿ ಮುಂದಿನ ಸಾಲಿನ ಕುಣಿತಗಾರ. ದೀಕ್ಷಾಸ್ನಾನದಲ್ಲಿ ಹಳೆಯ ಮನುಷ್ಯ ತೊಳೆದುಹೋದನಂತೆ, ಕಾಲು ಮಾತ್ರ ಹಾಗೇ ಉಳಿದಿತ್ತು.

ಆಗ ನಿಜಾಮರ ಕಾಲ. ಯಲಬುರ್ಗಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಹತ್ತಿಪ್ಪತ್ತು ಮನೆಗಳ ಸಭೆ, ಮಣ್ಣಿನ ಗೋಡೆಯ ಪ್ರಾರ್ಥನಾ ಮಂದಿರ, ಒಬ್ಬ ಉಪದೇಶಿ, ಅವರದೊಂದು ಹಾರ್ಮೋನಿಯಂ. ವಾರವೆಲ್ಲ ಅದೇ ಮಂದಿರದಲ್ಲಿ ನಾನು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಉಪದೇಶಿ ನುಡಿಸುತ್ತಿದ್ದುದು ಕಡಲಾಚೆಯಿಂದ ಬಂದ ರಾಗಗಳು. ಒಂದು ಭಾನುವಾರ ಮಾವ ತಡೆಯಲಾರದೆ ಎದ್ದುನಿಂತ.

"ಏನ್ರಿ ಇದು, ದೇವರಿಗೆ ಜೋಗುಳ ಹಾಡಾಕ ಹತ್ತೀರೇನು? ಅಂವ ಮಲಗಿಬಿಟ್ರ ನಮ್ಮ ಪ್ರಾರ್ಥನಿ ಕೇಳಾವ್ರು ಯಾರು?"

"ಕುಣಿಯೂದು ಹಳೀ ದಾರಿ. ಅದನ್ನ ಬಿಟ್ಟು ಬಂದೀವಿ," ಎಂದರು ಉಪದೇಶಿ.

ಬಿಡುವ ಆಸಾಮಿಯೇ ಇವನು? ಆ ವಯಸ್ಸಿನಲ್ಲಿ ನನ್ನ ಹತ್ತಿರ ಓದು ಕಲಿತ, ಉಪದೇಶಿಯನ್ನು ಸೋಲಿಸಲಿಕ್ಕೆಂದೇ! ನಮ್ಮ ವೇದವಾದ ಬೈಬಲ್ಲಿನ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ದಿನಕ್ಕೆ ಎರಡು ಮೂರು ಸಾಲು. ಪ್ರವಾದಿನಿ ಮಿರ್ಯಾಮಳು ದಮ್ಮಡಿ ಬಡಿದು ಹೆಂಗಸರನ್ನು ಕುಣಿಸಿದ್ದು ಸಿಕ್ಕಿತು. ಕೀರ್ತನೆಗಳ ಕೊನೆಯಲ್ಲಿ ತುತ್ತೂರಿ, ವೀಣೆ, ತಾಳ, ಕುಣಿತ ಎಲ್ಲ ಸಿಕ್ಕವು. "ಎಲ್ಲಾ ಹುಡುಕೀನಿ, ಹಾರ್ಮೋನಿಯಂ ಮಾತ್ರ ಎಲ್ಲೂ ಇಲ್ರಿ!" ಎಂದು ಉಪದೇಶಿಗೆ ಹೇಳಿ ಬಂದ.

ಆಮೇಲೆ ದಾವೀದ ಸಿಕ್ಕ. "ಅಳಿಯಾ, ರಾಜನ ಕುಣದಾನಲೇ! ದೇವರ ಮಂಜೂಷದ ಪೆಟ್ಟಿಗಿ ಊರಾಗ ಬರೂವಾಗ ಅದರ ಮುಂದ ಜಿಗಿಜಿಗಿದು ಕುಣದಾನ!" ಆ ಕುಣಿತವನ್ನು ಅವನ ಹೆಂಡತಿ, ರಾಣಿ ಮೀಕಲಳು ಕಿಟಕಿಯಿಂದ ನೋಡಿ ಹೇಸಿದಳು, ಆಳುಕಾಳುಗಳ ಮುಂದೆ ಮೈಮೇಲಿನ ಬಟ್ಟೆಯ ಖಬರಿಲ್ಲದೆ ಕುಣಿದೆಯಲ್ಲ ಎಂದು ಜರೆದಳು. ದೇವರ ಮುಂದೆ ಇನ್ನೂ ಕುಣಿಯುತ್ತೇನೆ ಎಂದ ದಾವೀದ. ಅಲ್ಲಿಗೆ ಬಂದು ಮಾವನ ಬೆರಳು ನಿಂತಿತು. ಮುಂದಿನ ಸಾಲು ಓದುವ ಗರಜೇ ಅವನಿಗೆ ಕಾಣಲಿಲ್ಲ.

ಆ ಕ್ರಿಸ್‌ಮಸ್ಸಿನ ಮೆರವಣಿಗೆಯಲ್ಲಿ ಗೆಜ್ಜೆ ಕಟ್ಟಿಯೇ ಬಂದ. ಚಾವಡಿ ಮುಂದೆ ನಿಜಾಮರ ಪೊಲೀಸ್ ಅಮೀನರು ತಡೆದರು. "ಯಾರ ಹುಕುಂ ಮ್ಯಾಲೆ ಈ ಕುಣಿತ?"

"ದಾವೀದ ರಾಜರ ಹುಕುಂ, ಸರ್ಕಾರ್!"

"ದಾವೂದ್ ಪೈಗಂಬರ್?" ಮುಸಲ್ಮಾನರಿಗೂ ಪ್ರವಾದಿಯಾದವನ ಹೆಸರು ಕೇಳಿ ಅಮೀನರು ಎದೆಯ ಮೇಲೆ ಕೈಯಿಟ್ಟುಕೊಂಡು ದಾರಿ ಬಿಟ್ಟರು! "ನೋಡ್ರಿ, ಅಮೀನ ಸಾಹೇಬರಿಗೆ ಗೊತ್ತೈತಿ, ಉಪದೇಶಿಗೆ ಗೊತ್ತಿಲ್ಲ," ಎಂದು ಮಾವ ಮತ್ತಷ್ಟು ಎತ್ತರ ಜಿಗಿದ. ತನ್ನ ಮನೆಯ ಮುಂದೆಯೇ ಧೋತರ ಸಡಿಲಾಗಬೇಕೇ! ಕಿಟಕಿಯಿಂದ ಅತ್ತೆ ಕೂಗಿದಳು: "ಥೂ, ನಾಚಿಕಿ ಬ್ಯಾಡೇನ್ರಿ? ಊರ ಮಂದಿ ಎಲ್ಲಾ ನೋಡಾಕ ಹತ್ಯಾರ!"

ಮಾವನಿಗೆ ಸ್ವರ್ಗವೇ ಸಿಕ್ಕಂತಾಯಿತು. "ಮೀಕಲ! ಥೇಟ್ ಮೀಕಲ!"

ಅಂದಿನಿಂದ ಅತ್ತೆಗೆ ಅದೇ ಹೆಸರು. ಮೀಕಲ, ನೀರು ಕೊಡು. ಮೀಕಲ, ರೊಟ್ಟಿ ಆದುವೇನು? ಊರವರೂ ಹಾಗೇ ಕರೆದರು. ಓದು ಬಾರದ ಅತ್ತೆ ಹಿಗ್ಗಿದಳು, ರಾಣಿಯ ಹೆಸರಲ್ಲವೇ! ಅವರಿಗೆ ಮಕ್ಕಳಿರಲಿಲ್ಲ. ಯಾರಾದರೂ ಕೂಸಿನ ತೊಟ್ಟಿಲಿಗೆ ಕರೆದರೆ ಅಂದು ಅತ್ತೆಗೆ ತಲೆನೋವು ಬರುತ್ತಿತ್ತು. ಅಂಥವಳ ಮುಖ ಈ ಹೆಸರು ಕೇಳಿದರೆ ಅರಳುತ್ತಿತ್ತು.

ಉಪದೇಶಿ ಸುಮ್ಮನಿರದೆ ತಕರಾರನ್ನು ಕೊಪ್ಪಳದ ಪಾದ್ರಿ ಅಯ್ಯನವರಿಗೆ ಒಯ್ದರು. ಅವರು ಬಂಡಿ ಮಾಡಿಕೊಂಡು ಬಂದು ಸಭೆ ಸೇರಿಸಿದರು. ವೇದದಲ್ಲಿದ್ದರೆ ಮಂದಿರದಲ್ಲೂ ಕುಣಿಯಬಹುದು, ಇಲ್ಲವಾದರೆ ಗೆಜ್ಜೆ ಬಿಚ್ಚಿಡಬೇಕು ಎಂದು ತೀರ್ಮಾನವಾಯಿತು. ಗೆಜ್ಜೆ ಬಿಚ್ಚಿದರೆ ಮಾವನಲ್ಲಿ ಏನು ಉಳಿಯುತ್ತದೆ? ನನಗೇ ಭಯವಾಗಿತ್ತು.

ಮಾವ ಗಂಟಲು ಸರಿಮಾಡಿಕೊಂಡು ಓದತೊಡಗಿದ. ಅಕ್ಷರ ತಪ್ಪಿದರೆ ಹೇಳಿಕೊಡಲು ನಾನು ಪಕ್ಕದಲ್ಲೇ ನಿಂತಿದ್ದೆ. ಮೀಕಲಳು ಜರೆದ ಭಾಗ ಬಂದಾಗ ಸಭೆಯೆಲ್ಲ ಅತ್ತೆಯ ಕಡೆ ತಿರುಗಿ ನಕ್ಕಿತು. ಚಾಪೆಯ ಮೇಲೆ ಕೂತ ಅತ್ತೆ ಸೆರಗಿನ ಹಿಂದೆ ನಕ್ಕಳು. ಮಾವ ಗೆದ್ದವನ ಹಾಗೆ ತಲೆ ಎತ್ತಿದ.

ಅತ್ತೆ-ಮಾವನ ಸಂಗತಿ ಅರಿಯದ ಅಯ್ಯನವರು, "ಇನ್ನೊಂದು ಸಾಲು ಉಳದೈತಿ. ಅದನ್ನೂ ಓದ್ರಿ. ಜರದಾಕಿಗೆ ದೇವರು ಏನು ಮಾಡಿದ ಅಂತ ಎಲ್ಲಾರೂ ಕೇಳ್ಲಿ," ಎಂದರು.

ಮಾವನ ಬೆರಳು ಸರಿಯಿತು. ಆ ಸಾಲನ್ನು ತುಟಿಯೊಳಗೇ ಓದಿಕೊಂಡ. ನಾನು ಬಗ್ಗಿ ನೋಡಿದೆ. ಮೀಕಲಳಿಗೆ ಸಾಯುವತನಕ ಮಕ್ಕಳಾಗಲಿಲ್ಲ ಎಂದಿತ್ತು.

ಆ ಸಾಲು ಓದಿದ್ದರೆ ಅವನು ಗೆದ್ದೇಬಿಡುತ್ತಿದ್ದ. ಕುಣಿತವನ್ನು ಜರೆದವಳಿಗೆ ಶಿಕ್ಷೆಯಾಗಿತ್ತಲ್ಲ, ಇನ್ನಾವ ಸಾಕ್ಷಿ ಬೇಕು? ಮಾವ ಪುಸ್ತಕ ಮುಚ್ಚಿದ. ತಾವೇ ಓದಲೆಂದು ಉಪದೇಶಿ ಕೈ ಚಾಚಿದರೆ ಎದೆಗೆ ಅವಚಿ ಹಿಡಿದುಕೊಂಡ.

"ಬ್ಯಾಡ್ರಿ. ನಂದ ತಪ್ಪು. ಸೋತೆ. ಇನ್ನ ಕುಣಿಯಂಗಿಲ್ಲ." ಅಲ್ಲೇ ಕೂತು ಗೆಜ್ಜೆ ಬಿಚ್ಚಿದ.

ಮನೆಗೆ ಹೋಗುವಾಗ ಅತ್ತೆಯ ಕಂಕುಳಲ್ಲಿದ್ದ ಚಾಪೆಯನ್ನು ಎಂದೂ ಇಲ್ಲದ್ದು ಮಾವ ತಾನೇ ಹೊತ್ತುಕೊಂಡ.

"ಅಲ್ರಿ, ಇಷ್ಟು ಲಗೂನ ಯಾಕ ಸೋತ್ರಿ? ಇನ್ನ ಮ್ಯಾಲೆ ನನ್ನ ಮೀಕಲ ಅನ್ನಂಗಿಲ್ಲೇನು?" ಎಂದಳು ಅತ್ತೆ, ತುಸು ಬೇಜಾರಿನಲ್ಲೇ.

"ಇಲ್ಲ," ಎಂದ ಮಾವ. "ಆಕಿ ನಿನ್ನಷ್ಟು ಛಲೋ ಇರಲಿಲ್ಲ."

ಹಿಂದೆ ನಡೆಯುತ್ತಿದ್ದ ನನಗೆ ಅಳು ತಡೆಯಲಾಗಲಿಲ್ಲ.