ಎಣ್ಣೆ ಮುಟ್ಟದ ಕೆನ್ನೆ

"ಪರೀಕ್ಷೆಯ ದಿನ ಮಗುವಿನ ಮೈಗೆ ಏನೂ ಹಚ್ಚಬೇಡಿ" ಎಂದು ಡಾಕ್ಟರಮ್ಮ ಹೇಳಿದಾಗ, ಬಲೆ ಹೆಣೆಯುವ ದೋಟ್ಸೆಗೆ ಅದೇನು ಮಹಾ ಎನಿಸಿತ್ತು. ಆರು ವರ್ಷದ ಮಗಳು ಎಲಿನಾಮಳ ಕೆನ್ನೆಯಲ್ಲಿ ತಿಂಗಳಿಂದ ಒಂದು ಬಿಳಿ ಮಚ್ಚೆ. ಇವನು ಸೋಪು ಹಾಕಿ ತಿಕ್ಕಿದಷ್ಟೂ ಅದು ಅಗಲವಾಗುತ್ತಿತ್ತು. ಮೈಯೆಲ್ಲ ಹರಡುವ ತೊನ್ನೇನೋ ಎಂಬ ಹೆದರಿಕೆಗೆ ಅವನ ನಿದ್ದೆಯೇ ಹಾರಿಹೋಗಿತ್ತು. ಹೆಂಡತಿ ವ್ಯಾಪಾರಕ್ಕೆಂದು ಲೋಮೆ ಪಟ್ಟಣಕ್ಕೆ ಹೋಗಿದ್ದಳು.

ಬೆಳಗಿನ ಮಂಜಿನಲ್ಲಿ ಹಿನ್ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಅಪ್ಪ ಮಗಳು ಕನಸಿನಲ್ಲಿ ನಡೆದಂತೆ ದಂಡೆಯಗುಂಟ ಆಸ್ಪತ್ರೆಗೆ ಹೊರಟರು.

"ಅಯ್ಯೋ ದೋಟ್ಸೆ!" ಮೀನು ಒಣಗಿಸುತ್ತಿದ್ದ ಅಬ್ಲಾ ಅಕ್ಕ ಮಂಜಿನೊಳಗಿಂದ ಎದ್ದುಬಂದಳು. "ಮುಖಕ್ಕೆ ಜಿಡ್ಡು ಸೋಕಿಸ್ದೆ, ಮಗೂನ ಹಿಂಗೆ ಬೂದಿ ಬಳಿದಂಗೆ ಬೀದಿಗೆ ತರ್ತಾರೇನೋ? ತಾಯಿ ಊರಲ್ಲಿಲ್ಲ ಅಂತ ಡಂಗುರ ಹೊಡೀತಿದೀಯಾ?"

"ಅಕ್ಕಾ, ಡಾಕ್ಟ್ರು..." ಎನ್ನುವಷ್ಟರಲ್ಲಿ ಅವಳ ಸೆರಗಿನ ಗಂಟಿನಿಂದ ಮೈಗೆ ಹಚ್ಚುವ ಜೆಲ್ಲಿಯ ಡಬ್ಬಿ ಹೊರಬಂದು ಮಗುವಿನ ಮುಖ ಮಿರಿಮಿರಿ ಮಿಂಚಿತು. ದೋಟ್ಸೆ ಮುಂದಿನ ನಲ್ಲಿಯಲ್ಲಿ ಸೋಪು ಹಾಕಿ ತೊಳೆದ. ಕೆಂಕೆ ಎಂಬ ಮೆಕ್ಕೆಜೋಳದ ಕಡುಬು ಮಾರುವ ಮಾನ್ಸಾ ಹಿಡಿದು ಮತ್ತೆ ಹಚ್ಚಿದಳು. ಮತ್ತೆ ತೊಳೆದ. ಆಸ್ಪತ್ರೆಯ ಬಾಗಿಲಲ್ಲಿ ಗುರುತೇ ಇಲ್ಲದ ಮುದುಕಿಯೊಬ್ಬಳು, "ಗಂಡಸರ ಕೈಗೆ ಮಗು ಕೊಟ್ರೆ ಇಷ್ಟೇ" ಎಂದು ಗೊಣಗುತ್ತ ಕೊನೆಯ ಕೈ ಸವರಿದಳು.

"ಎಲ್ಲರಿಗೂ ಹುಚ್ಚು!" ಎಂದು ದೋಟ್ಸೆ ಕೂಗಾಡಿದ.

ಒಳಗೆ ಕತ್ತಲೆ ಕೋಣೆ. ಡಾಕ್ಟರಮ್ಮ ನೇರಳೆ ದೀಪ ಹಚ್ಚಿದಾಗ ದೋಟ್ಸೆ ಮುಂದಕ್ಕೆ ಬಾಗಿ ನೋಡಿದ. ಮಗಳ ಮುಖದ ತುಂಬ ಜೆಲ್ಲಿಯ ತಿಳಿನೀಲಿ ಬೆರಳಚ್ಚುಗಳು ಹೊಳೆಯುತ್ತಿದ್ದವು. ಊರ ಹೆಂಗಸರ ಕೈಗಳೆಲ್ಲ ಅವಳನ್ನು ಇನ್ನೂ ಹಿಡಿದುಕೊಂಡೇ ಇದ್ದಂತಿತ್ತು. ಅವನಿಗೆ ಯಾಕೋ ಅಳು ಬಂತು.

ಡಾಕ್ಟರಮ್ಮ ಕೆನ್ನೆ ಒರೆಸಿ, ಮತ್ತೆ ದೀಪ ಹಿಡಿದರು.

"ತೊನ್ನಾಗಿದ್ರೆ ಸುಣ್ಣದ ಹಂಗೆ ಹೊಳೀಬೇಕಿತ್ತು. ಇದು ಮಂಕಾಗಿದೆ. ಹೆದರ್ಕೋಬೇಡಿ, ಬರೀ ಒಣಚರ್ಮ. ಸೋಪು ಜಾಸ್ತಿ ಹಾಕ್ತೀರಾ?"

"ಸ್ವಲ್ಪ..." ದೋಟ್ಸೆ ಕಣ್ಣೊರೆಸಿಕೊಂಡ. "ಔಷಧಿ ಏನಮ್ಮಾ?"

"ಸೋಪು ಮುಟ್ಟಿಸ್ಬೇಡಿ. ದಿನಾ ಮೂರು ಸಲ ಜೆಲ್ಲಿ ಹಚ್ಚಿ, ಅಷ್ಟೇ."

ದೋಟ್ಸೆಯ ಮುಖ ಕಪ್ಪಿಟ್ಟಿತು. "ನಿಮ್ಮ ದಮ್ಮಯ್ಯ, ಆ ಹೆಂಗಸರೆಲ್ಲ ನಗ್ತಾರೆ, ಚೀಟೀಲಿ ಬೇರೆ ಏನಾದ್ರೂ ದೊಡ್ಡ ಹೆಸರು ಬರೀರಿ!"

ಅಷ್ಟರಲ್ಲಿ ಡಾಕ್ಟರಮ್ಮನ ಮಾತು ಹೇಳಲು ಎಲಿನಾಮ್ ಹೊರಗೆ ಓಡಿಯಾಗಿತ್ತು. ಕಿಟಕಿಯಾಚೆ, ಅವರ ಬೆನ್ನಿಗೇ ಬಂದು ಕಾಯುತ್ತಿದ್ದ ಹೆಂಗಸರ ನಗು ಉಕ್ಕಿತು.

"ಏ ದೋಟ್ಸೆ, ಬಾರೋ ಆಚೆ!" ಅಬ್ಲಾ ಅಕ್ಕನ ದನಿ. "ಡಬ್ಬಿ ತಂದಿದೀನಿ. ಹೆಂಗೆ ಹಚ್ಚೋದು ಅಂತ ನಿನ್ನ ಮುಖದ ಮೇಲೇ ಕಲಿಸ್ಕೊಡ್ತೀನಿ!"