ಉಳಿದ ಮೂರು ಗಂಟೆ ನೀರು

ಅವತ್ತು ಚಲಪತಿ ಮಾಡಿದ ತಪ್ಪು ಒಂದೇ. ಕರೆಂಟ್ ಇರುವಾಗಲೇ ಮೋಟಾರ್ ಆಫ್ ಮಾಡಿದ.

ತೂಬಗೆರೆ ಹತ್ತಿರದ ಆ ಹಳ್ಳಿಯಲ್ಲಿ ಬುದ್ಧಿ ನೆಟ್ಟಗಿರುವ ಯಾರೂ ಅಂಥ ಕೆಲಸ ಮಾಡಿದವರಲ್ಲ. ಬೆಳಗ್ಗೆ ಎಂಟಕ್ಕೆ ತ್ರೀಫೇಸ್ ಬಂದರೆ ಆಟೋಸ್ಟಾರ್ಟರ್ ತಾನೇ ಮೋಟಾರ್ ಹಾಕುತ್ತದೆ, ಮಧ್ಯಾಹ್ನ ಒಂದಕ್ಕೆ ಕರೆಂಟ್ ಹೋದರೆ ತಾನೇ ನಿಲ್ಲುತ್ತದೆ. ಅಲ್ಲಿಯವರೆಗೂ ತೊಟ್ಟಿಗೆ ನೀರು ಧೋ ಎಂದು ಬೀಳುತ್ತಲೇ ಇರಬೇಕು. ತೊಟ್ಟಿ ತುಂಬಿ ರಸ್ತೆಗೆ ಹರಿದರೂ ಯಾರಪ್ಪನ ಗಂಟೂ ಹೋಗುವುದಿಲ್ಲ! ನಡುವೆ ಆ ಸದ್ದು ನಿಂತರೆ ಊರಿಗೆ ಗೊತ್ತಿರುವ ಅರ್ಥ ಒಂದೇ: ಬೋರ್ ಬತ್ತಿತು.

ಚಲಪತಿ ಈ ಸಲ ಒಂದೆಕರೆ ಟೊಮೆಟೊಗೆ ಹನಿ ನೀರಾವರಿ ಪೈಪ್ ಎಳೆದು, ಗಿಡದ ಬುಡಕ್ಕೆಲ್ಲ ರಾಗಿ ಹುಲ್ಲು ಹೊದಿಸಿದ್ದ. ಎರಡು ಗಂಟೆ ನೀರೇ ಸಾಕಾಗುತ್ತಿತ್ತು. ಉಳಿದ ಮೂರು ಗಂಟೆ ನೀರಿನಲ್ಲಿ, ಬೀಳು ಬಿದ್ದಿದ್ದ ತಮ್ಮದೇ ಪಕ್ಕದ ಎಕರೆಗೆ ದೊಣ್ಣೆ ಮೆಣಸಿನಕಾಯಿ ಇಡಬೇಕೆಂದು ಅವನಿಗೂ ಹೆಂಡತಿ ರೂಪಳಿಗೂ ಆಸೆ. ದೇವನಹಳ್ಳಿಯ ಹೋಟೆಲೊಂದಕ್ಕೆ ತರಕಾರಿ ಕೊಳ್ಳುವ ಆನಂದ್, ನೀರಿನ ವ್ಯವಸ್ಥೆ ನೋಡಿ ಮಾತು ಮುಗಿಸಲು ಅವತ್ತು ಹನ್ನೊಂದಕ್ಕೆ ಬರುವವನಿದ್ದ.

"ರೀ, ತೊಟ್ಟಿ ತುಂಬಿ ನೀರು ಸುಮ್ನೆ ಹರೀತೈತೆ. ಬಂದೋರು ನೋಡಿದ್ರೆ ನಾಚ್ಕೆ, ಆಫ್ ಮಾಡಿ," ಎಂದಳು ರೂಪ. ಹತ್ತು ಗಂಟೆಗೆ ಚಲಪತಿ ಆಫ್ ಮಾಡಿದ.

ಹತ್ತೂಕಾಲಿಗೆ ಪಕ್ಕದ ಮನೆಯ ಅಂಜಿನಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಬಂದರು.

"ಅಯ್ಯೋ ನಮ್ಮಪ್ಪಾ, ಒಳ್ಳೆ ಬೋರು ಕಣೋ ಅದು. ಹಿಂಗಾಗ್ಬಾರದಿತ್ತು."

"ಏನೂ ಆಗಿಲ್ಲ ಅಂಜಿನಮ್ಮಾ, ನಾನೇ ಆಫ್ ಮಾಡಿದ್ದು."

"ಹೂಂ, ಹಂಗೇ ಹೇಳ್ಕೋ. ಧೈರ್ಯ ಬಿಡಬ್ಯಾಡ," ಎಂದು ಅಂಜಿನಮ್ಮ ಇನ್ನೂ ಜೋರಾಗಿ ಅತ್ತರು.

ಅಳು ಕೇಳಿ ಹತ್ತಾರು ಜನ ಬಂದರು. ಅವರ ಹಿಂದೆ, ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿ ನೀರಿನ ಜಾಗ ತೋರಿಸುವ ಕೊಂಡಪ್ಪನೂ ಬಂದ. ಬಂದವನೇ ಸ್ಟಾರ್ಟರ್ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕರ್ಪೂರ ಹಚ್ಚಿ ಅದರ ಮುಂದೆಯೇ ಕುಕ್ಕರಗಾಲಲ್ಲಿ ಕುಳಿತ.

"ಕೊಂಡಪ್ಪಾ, ಸ್ವಲ್ಪ ಸರಿ. ಸ್ವಿಚ್ ಒತ್ತಿ ತೋರಿಸ್ತೀನಿ."

"ಗಂಗಮ್ಮ ಮುನಿಸ್ಕೊಂಡವ್ಳೆ! ಪೂಜೆ ಮುಗಿಯೋಗಂಟ ಯಾರೂ ಮುಟ್ಟಂಗಿಲ್ಲ."

ಅಷ್ಟರಲ್ಲಿ ಪಕ್ಕದ ಹೊಲದಿಂದ ದೊಡ್ಡಪ್ಪ ವೆಂಕಟರಾಯಪ್ಪ ಪೈಪ್ ಎಳೆದುಕೊಂಡು ಬಂದ. ಬೋರ್ ಬತ್ತಿದವನ ಬೆಳೆಗೆ ಪಕ್ಕದವನು ನೀರು ಬಿಡಬೇಕು, ಕೊಟ್ಟವನ ಬೋರ್ ಕೈಕೊಟ್ಟರೆ ಪಡೆದವನು ತಿರುಗಿ ಬಿಡಬೇಕು. ಇದು ಆ ಊರಿನ ಹಳೆಯ ಕಟ್ಟು. ವೆಂಕಟರಾಯಪ್ಪನ ಬೋರಿನಲ್ಲೂ ನೀರು ಅಷ್ಟಕ್ಕಷ್ಟೇ. ತನ್ನ ಸೇವಂತಿಗೆಗೆ ಯಾವತ್ತೂ ಅರ್ಧ ವಾಲ್ವ್ ಮಾತ್ರ ತಿರುಗಿಸಿ ಜೋಪಾನ ಮಾಡುತ್ತಿದ್ದ.

"ದೊಡ್ಡಪ್ಪ, ಬೇಡ! ನನ್ನ ಬೋರ್ ಸರಿಯಾಗೈತೆ!"

"ಸುಮ್ನಿರ್ಲಾ ಮಗಾ. ಕೊಡೋದು ಅಂದ್ಮೇಲೆ ಧಾರಾಳವಾಗಿ ಕೊಡ್ಬೇಕು," ಎಂದು ಮುದುಕ ವಾಲ್ವ್ ಪೂರ್ತಿ ತಿರುಗಿಸಿಬಿಟ್ಟ. ನೀರು ಟೊಮೆಟೊಗೆ ನುಗ್ಗಿದರೆ ಗಿಡ ಕೊಳೆತೇ ಹೋಗುತ್ತದೆ. ಚಲಪತಿ ಓಡಿ ಪೈಪನ್ನು ಬೀಳು ಎಕರೆಗೆ ತಿರುಗಿಸಿದ. ಅಲ್ಲಿ ಕಳೆಗಳು ಹೊಟ್ಟೆತುಂಬ ಕುಡಿದವು.

ಆನಂದ್ ಬಂದಿಳಿದಾಗ ಸಾವಿನ ಮನೆಯ ಮುಂದಿರುವಷ್ಟು ಜನ.

"ಏನ್ ಗುರು, ಯಾರು ಹೋಗ್ಬಿಟ್ರು?"

"ಬೋರ್ ಹೋಯ್ತಪ್ಪಾ," ಎಂದರು ಅಂಜಿನಮ್ಮ.

ಆನಂದ್ ಮತ್ತೆ ಗಾಡಿ ಕಡೆ ತಿರುಗಿದ. ಚಲಪತಿ ಓಡಿ ಹೋಗಿ ಅವನ ಕೈ ಹಿಡಿದು ಟೊಮೆಟೊ ಸಾಲಿಗೆ ಎಳೆದೊಯ್ದು, ರಾಗಿ ಹುಲ್ಲು ಸರಿಸಿದ.

"ಸರ್, ಈ ಮಣ್ಣು ಹಿಡೀರಿ. ಮುದ್ದೆ ಕಟ್ಟಿ ನೋಡಿ!"

ಆನಂದ್ ಕಟ್ಟಿದ. ಒಳ್ಳೆ ರಾಗಿಮುದ್ದೆಯ ಹಾಗೆ ನಿಂತಿತು.

"ಎರಡೇ ಗಂಟೆ ನೀರು ಸರ್. ಕಳೆ ಕೀಳೋ ಕೂಲಿ ಉಳೀತು, ಗೊಬ್ಬರ ಕೊಚ್ಕೊಂಡು ಹೋಗಲ್ಲ, ಹಣ್ಣು ಬಿರೀಲಿಲ್ಲ. ಹೋದ್ಸಲ ಒಂದು ಕೊಯ್ಲಿಗೆ ಎಂಬತ್ತು ಕ್ರೇಟ್ ಆದ ಕಡೆ ಈ ಸಲ ನೂರಾ ಹತ್ತು!"

ಹೇಳಿದವನೇ ಓಡಿ, ಕೊಂಡಪ್ಪನ ತಲೆಯ ಮೇಲಿಂದ ಕೈ ಚಾಚಿ ಹಸಿರು ಬಟನ್ ಒತ್ತಿದ. ಒಂದು ಕ್ಷಣ ಏನೂ ಇಲ್ಲ. ಅಂಜಿನಮ್ಮ ಮತ್ತೆ ಸೆರಗಿಗೆ ಕೈಹಾಕಿದರು. ಆಮೇಲೆ ಬಂತು ನೋಡಿ ನೀರು! ತುಂಬಿದ್ದ ತೊಟ್ಟಿ ಉಕ್ಕಿ ಕರ್ಪೂರ ಆರಿತು, ಕೊಂಡಪ್ಪನ ಪಂಚೆ ಒದ್ದೆಯಾಯಿತು, ಊರು ಶಿಳ್ಳೆ ಹೊಡೆಯಿತು.

"ಭಲೇ!" ಎಂದ ಆನಂದ್. "ಈ ವಾರಾನೇ ಮೆಣಸಿನಕಾಯಿ ಸಸಿ ನೆಡಿ. ಬೆಳೆದಷ್ಟೂ ನಮ್ಗೇ."

ರೂಪಳಿಗೆ ಖುಷಿಯಿಂದ ಕಣ್ಣಲ್ಲಿ ನೀರು ಬಂತು. ಚಲಪತಿ ಎದೆಯುಬ್ಬಿಸಿ ಊರಿನವರ ಕಡೆ ತಿರುಗಿದ. "ಈಗೇನಂತೀರಾ? ಮೂರು ಗಂಟೆ ನೀರು ಉಳಿಸಿದ್ದೀನಿ, ಮೂರು ಗಂಟೆ!"

ಅದೇ ಹೊತ್ತಿಗೆ ಬೀಳು ಎಕರೆಯ ಕಡೆಯಿಂದ ಗೊಳ್ ಗೊಳ್ ಎಂದು ಸದ್ದು ಬಂತು. ವೆಂಕಟರಾಯಪ್ಪನ ಪೈಪು ಎರಡು ಸಲ ಕೆಮ್ಮಿತು, ಕೆಮ್ಮಣ್ಣು ಉಗುಳಿತು, ಬರೀ ಗಾಳಿ ಬಿಟ್ಟು ಸುಮ್ಮನಾಯಿತು. ಈ ಸಲ ನಿಜವಾಗಿಯೂ ಬೋರ್ ಬತ್ತಿತ್ತು.

ಮುದುಕ ಪೈಪ್ ಹಿಡಿದುಕೊಂಡೇ ನಿಂತಿದ್ದ. ರೂಪ ಮೆಲ್ಲಗೆ, "ಮಾವನ ಸೇವಂತಿಗೆ ಮೊಗ್ಗು ಕಟ್ಟೈತೆ ಕಣ್ರೀ," ಎಂದಳು.

ಚಲಪತಿ ಮುದುಕನ ಕೈಯಿಂದ ಪೈಪ್ ತೆಗೆದುಕೊಂಡ. "ಎಷ್ಟೊತ್ತು ನೀರು ಬೇಕು ದೊಡ್ಡಪ್ಪ?"

"ಹೆಚ್ಚೇನಿಲ್ಲ ಮಗಾ. ನೀನೇ ಹೇಳ್ದಲ್ಲ, ಆ ಮೂರು ಗಂಟೆ ಸಾಕು."

ಆನಂದ್ ಗಡಿಯಾರ ನೋಡಿಕೊಂಡ. "ನೀರು ಬಿಡುವಾದಾಗ ಫೋನ್ ಮಾಡಿ ಗುರು," ಎಂದು ಗಾಡಿ ಹತ್ತಿದ.

ಮಾರನೆಯ ದಿನ ಎಂಟರಿಂದ ಒಂದರವರೆಗೆ ಚಲಪತಿಯ ತೊಟ್ಟಿಗೆ ನೀರು ಧೋ ಎಂದು ಬೀಳುತ್ತಲೇ ಇತ್ತು. ಅಂಜಿನಮ್ಮ ಮನೆಮನೆಗೂ ಹೋಗಿ ಸಾರಿದರು:

"ಕೇಳಿಸ್ತಾ ಸದ್ದು? ನಮ್ ಕೊಂಡಪ್ಪ ಕಾಯಿ ಒಡೆದಿದ್ದೇ ಒಡೆದಿದ್ದು, ಚಲಪತಿ ಬೋರ್ ಬದುಕ್ಕೊಂಡ್ಬಿಡ್ತು!"